ಗುಳೆ ಪದ್ಯಕ್ಕೆ ಡಬ್ ಕಟ್ಟಿದ್ದು

ಮೊದಲ ಮಿಕ್ಸ್ ಕೇಳಿದ ಅಕ್ಕ, "ಬಾಜಾ ಚಲೋ ಐತಿ, ಆದ್ರ ನೀ ಏನ್ ಹೇಳ್ತಿ ತಿಳೀವಲ್ದು" ಅಂದಳು.

ನಿಜ ಹೇಳಿದ್ದಳು. ನಮ್ಮ ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡ ಕೆಲಸ ಮಾಡುವವರ ಬಗ್ಗೆ ಪದ್ಯ ಬರೆದಿದ್ದೆ. ಅಕ್ಕನೂ ಎರಡು ವರ್ಷ ಆ ಕೆಲಸ ಮಾಡಿದವಳು. ಪದ್ಯವನ್ನು ಜಮೈಕಾದ ರೆಗ್ಗೆ ಸಂಗೀತದ ತಾಳದ ಮೇಲೆ ಓದಿ, ಪ್ರತಿ ಪದಕ್ಕೂ ಎಕೋ ಹಾಕಿದ್ದೆ. ರೆಗ್ಗೆ ಹಾಡಿನ ವಾದ್ಯ, ದನಿಗಳನ್ನು ತೆಗೆದು ಹಾಕುತ್ತಾ, ಎಕೋ ಬೆರೆಸಿ ಹೊಸದಾಗಿ ಮಿಕ್ಸ್ ಮಾಡುವುದಕ್ಕೆ ಡಬ್ ಅಂತಾರೆ. ನಾನು ಎಕೋ ಅಷ್ಟೇ ಡಬ್ ಅಂದುಕೊಂಡಿದ್ದೆ.

ಆಮೇಲೆ ರೆಗ್ಗೆ ಮೇಲೆ ಪದ್ಯ ಓದುವ ಕವಿ ಲಿಂಟನ್ ಕ್ವೆಸಿ ಜಾನ್ಸನ್ ಅವರ 1979ರ 'ಫೋರ್ಸಸ್ ಆಫ್ ವಿಕ್ಟರಿ' ಆಲ್ಬಮ್ ಹಾಕಿಕೊಂಡು ಕೂತೆ. ಜಾನ್ಸನ್ ಜಮೈಕಾದಲ್ಲಿ ಹುಟ್ಟಿ, 1963ರಲ್ಲಿ ಲಂಡನ್ನಿಗೆ ಬಂದವರು. ಅದರಲ್ಲೊಂದು ಪದ್ಯ, ಮಗ ಜೈಲಿನಿಂದ ತಾಯಿಗೆ ಬರೆದ ಕಾಗದ. ಬಸ್ಸಿಗೆ ಕಾಯುತ್ತಿದ್ದ ತಮ್ಮನನ್ನು ಪೊಲೀಸರು ಹಿಡಿಯುತ್ತಾರೆ. ತಮ್ಮನನ್ನು ನೋಡಿಕೋ ಅಂತ ಅಮ್ಮ ಹೇಳಿದ್ದಳು, ನೋಡಿಕೊಳ್ಳಲು ಆಗಲಿಲ್ಲ. ಆಗ 1824ರ ಅಲೆಮಾರಿಗಳ ಕಾಯ್ದೆ ಹಿಡಿದು, ಬರೀ ಅನುಮಾನದ ಮೇಲೆ ಕಪ್ಪು ಹುಡುಗರನ್ನು ಬಂಧಿಸುತ್ತಿದ್ದರು. ಆ ಕಲಮು ರದ್ದಾಗಿದ್ದು 1981ರಲ್ಲಿ.

ಇಷ್ಟು ದೊಡ್ಡ ಸಂಕಟ, ಆದರೆ ದನಿ ಒಣಗಿದ ಹಾಗಿದೆ. ಎಕೋ ಇಲ್ಲವೇ ಇಲ್ಲ ಅನ್ನಬಹುದು. ಒಂದೊಂದು ಮಾತೂ ಕೇಳುತ್ತದೆ. ಸಂಗೀತ ಕಟ್ಟಿದ ಡೆನಿಸ್ ಬೋವೆಲ್ ಡಬ್‌ನಲ್ಲಿ ಎತ್ತಿದ ಕೈ. ಆದರೂ ಡಬ್ ಆಟವನ್ನೆಲ್ಲ 1980ರ 'ಎಲ್‌ಕೆಜೆ ಇನ್ ಡಬ್' ಅನ್ನೋ ಬೇರೆ ಆಲ್ಬಮ್ಮಿಗೆ ಇಟ್ಟರು. ಮಾತಿಗೆ ಇವರು ಕೊಟ್ಟ ಮರ್ಯಾದೆ ಅದು!

ಇನ್ನೊಂದು ವಿಷಯ. ಜಾನ್ಸನ್ ಬರೆಯುವುದು ಮನೆಮಾತಿನಲ್ಲಿ, ಜಮೈಕಾದವರು ಆಡಿದಂತೆಯೇ. ನಾನು ಬರೆದದ್ದು "ನಾವು ಕಟ್ಟಿದ ಮಹಡಿಗಳಲ್ಲಿ ನಮಗೆ ಸ್ಥಳವಿಲ್ಲ" ಅಂತ. ಬೇಸ್ ಅಂದರೆ ಹಾಡಿನ ತಳದ ತಗ್ಗು ನಾದ, ಅದರ ಮೇಲೆ ಆ ಸಾಲು ಕೂರಲೇ ಇಲ್ಲ. "ಹದಿನಾಕು ಮಾಳಿಗಿ ಕಟ್ಟೀವಿ, ಮಲಗಾಕ ಶೆಡ್ ಐತಿ" ಅಂತ ತಿದ್ದಿದೆ. ತಾನಾಗೇ ಕೂತಿತು. ಮೂರು ದಿನ ಬೇಸ್ ಅನ್ನೇ ಬದಲಿಸುತ್ತಿದ್ದೆ, ತಪ್ಪಿದ್ದದ್ದು ಮಾತಿನಲ್ಲಿ.

ಮಿಕ್ಸ್ ಸಲೀಸಾಯಿತು. ನಿಮಿಷಕ್ಕೆ 72 ಬೀಟ್. ಒನ್ ಡ್ರಾಪ್ ತಾಳ, ಅಂದರೆ ಮೊದಲ ಬೀಟ್ ಖಾಲಿ, ಮೂರನೆಯದಕ್ಕೆ ಪೆಟ್ಟು. ಆ ಖಾಲಿ ಜಾಗದಲ್ಲಿ ಸಾಲು ಶುರು ಮಾಡಿದೆ. ದನಿಯಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದೆ, ಅದು ಬೇಸ್‌ನ ಜಾಗ. ನಾನು ಮಾತಾಡುವಾಗ ಗಿಟಾರ್ ಮ್ಯೂಟ್, ಸಾಲು ಮುಗಿದ ಮೇಲೆ ವಾಪಸ್. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ಡಬ್ ಕಟ್ಟಿದ ಮೊದಲಿಗರಲ್ಲೊಬ್ಬ ಕಿಂಗ್ ಟಬ್ಬಿ ಮಿಕ್ಸರ್ ಮುಂದೆ ಕೂತು ಮಾಡಿದ್ದೂ ಇದನ್ನೇ ಅಲ್ವಾ, ವಾದ್ಯ ತೆಗೆದು ಜಾಗ ಮಾಡುವುದು. ಎಕೋ 625 ಮಿಲಿಸೆಕೆಂಡ್, ಅಂದರೆ ಮುಕ್ಕಾಲು ಬೀಟ್. ಅದೂ ಸಾಲಿನ ಕೊನೆಯ ಪದಕ್ಕೆ ಮಾತ್ರ.

ಮತ್ತೆ ಅಕ್ಕನಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಶೆಡ್ ಅನಬ್ಯಾಡ, ತಗಡ ಅನ್ನು. ಬ್ಯಾಸಗ್ಯಾಗ ಸುಡೋದು ತಗಡ" ಅಂದಳು.

"ಮಲಗಾಕ ತಗಡ" ಅಂತ ಮತ್ತೆ ರೆಕಾರ್ಡ್ ಮಾಡಿದೆ. ಈಗ ಇಡೀ ಪದ್ಯದಲ್ಲಿ ಎಕೋ ಇರುವುದು ಆ ಒಂದು ಪದಕ್ಕೆ.