ಜಿರಾದಲ್ಲಿ ಆರ್ಕಿಟೆಕ್ಚರಿನ ಕಾರಣಗಳನ್ನು ಹುಡುಕಿದ ಬಗೆ

ಭಾರಿ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ಹಡೂಪ್ ಕ್ಲಸ್ಟರೊಂದರ ಹೊಣೆ ನಮ್ಮ ತಂಡಕ್ಕೆ ಬಂದಾಗ, ಯಾವ ಕಡತ ಎಲ್ಲಿದೆ ಎಂಬ ಲೆಕ್ಕವಿಡುವ ನೇಮ್‌ನೋಡ್‌ನ ಎಡಿಟ್ ಲಾಗನ್ನು (ಬದಲಾವಣೆಗಳ ದಾಖಲೆಯನ್ನು) ಕಾಪಾಡಲು ಜರ್ನಲ್‌ನೋಡ್‌ಗಳೆಂಬ ಪ್ರತ್ಯೇಕ ಪ್ರಕ್ರಿಯೆಗಳನ್ನು ಏಕೆ ಇಟ್ಟಿದ್ದಾರೆ ಎಂಬುದು ನನಗೆ ತಿಳಿಯಬೇಕಿತ್ತು. ಅವುಗಳನ್ನು ಹೊಂದಿಸುವ ಕ್ರಮ ಕೈಪಿಡಿಯಲ್ಲಿದೆ. ಕೈಬಿಟ್ಟ ದಾರಿಗಳ ಚರ್ಚೆ ಇರುವುದು ಹಡೂಪ್ ಯೋಜನೆಯನ್ನು ನಡೆಸುವ ಅಪಾಚೆ ಸಂಸ್ಥೆಯ ಸಾರ್ವಜನಿಕ ಜಿರಾದಲ್ಲಿ, ಅಂದರೆ ದೋಷ, ಪ್ರಸ್ತಾವಗಳನ್ನು ಒಂದೊಂದು 'ಇಶ್ಯೂ' ಆಗಿ ದಾಖಲಿಸುವ ತಾಣದಲ್ಲಿ.

ಅಲ್ಲಿ ಪದ ಹಾಕಿ ಹುಡುಕುವುದಕ್ಕಿಂತ ಕೋಡಿನಿಂದ ಹಿಂದಕ್ಕೆ ಹೋಗುವುದೇ ಹೆಚ್ಚು ಫಲ ಕೊಟ್ಟಿತು. ಹಡೂಪ್‌ನಲ್ಲಿ ಕಮಿಟ್ ಸಂದೇಶಗಳು (ಕೋಡಿನ ಪ್ರತಿ ಬದಲಾವಣೆಯ ಜೊತೆಗಿನ ಟಿಪ್ಪಣಿಗಳು) ಸಾಮಾನ್ಯವಾಗಿ ಇಶ್ಯೂ ಸಂಖ್ಯೆಯಿಂದಲೇ ಆರಂಭವಾಗುವುದರಿಂದ, ಸಂಬಂಧಪಟ್ಟ ಸಾಲಿನ ಮೇಲೆ, ಅದನ್ನು ಕೊನೆಗೆ ಬದಲಿಸಿದ ಕಮಿಟನ್ನು ತೋರಿಸುವ ಗಿಟ್ ಬ್ಲೇಮ್ ನಡೆಸಿ ಇಶ್ಯೂವನ್ನು ತಲುಪಿದೆ. ಅಲ್ಲಿಂದ ಮೂಲ ಇಶ್ಯೂವಿಗೆ, ಅದಕ್ಕೆ ಜೋಡಿಸಿದ ಇತರ ಇಶ್ಯೂಗಳಿಗೆ ಹೋದೆ. ಸಣ್ಣ ಬಗ್‌ಗಳನ್ನು ಬದಿಗಿಟ್ಟು, ಹಲವು ಉಪಕಾರ್ಯಗಳೂ ವಿನ್ಯಾಸದ ಪಿಡಿಎಫ್ ಲಗತ್ತೂ ಇದ್ದವನ್ನು ಮಾತ್ರ ಪೂರ್ತಿ ಓದಿದೆ.

ಹಡೂಪ್‌ನ ಕಡತ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ಗೆ ಸೇರಿದ ಎಚ್‌ಡಿಎಫ್‌ಎಸ್-1623 ಎಂಬ ಇಶ್ಯೂವಿನಲ್ಲಿ, ಇದ್ದ ಒಂದೇ ನೇಮ್‌ನೋಡ್ ಬಿದ್ದರೆ ಇಡೀ ಕಡತ ವ್ಯವಸ್ಥೆಯೇ ನಿಲ್ಲುವ ತೊಂದರೆಗೆ ಪರಿಹಾರವಾಗಿ ಆ್ಯಕ್ಟಿವ್ (ಕೆಲಸ ಮಾಡುವ) ಮತ್ತು ಸ್ಟ್ಯಾಂಡ್‌ಬೈ (ಬದಲಿಗೆ ಸಿದ್ಧವಿರುವ) ನೇಮ್‌ನೋಡ್‌ಗಳ ಜೋಡಿ ರೂಪುಗೊಂಡಿತು; ಎರಡರ ನಡುವೆ ಎಡಿಟ್ ಲಾಗನ್ನು ಎನ್‌ಎಫ್‌ಎಸ್‌ನಂತಹ ಹಂಚಿಕೆಯ ಸಂಗ್ರಹದಲ್ಲಿ ಇಡಲಾಯಿತು. ನನಗೆ ಬೇಕಿದ್ದ ಕಾರಣ ಸಿಕ್ಕಿದ್ದು ಎಚ್‌ಡಿಎಫ್‌ಎಸ್-3077ರಲ್ಲಿ. ಅದರ ವಿವರಣೆ ಆ ಹಂಚಿಕೆಯ ಸಂಗ್ರಹವನ್ನೇ ದುರ್ಬಲ ಕೊಂಡಿಯೆಂದು ಗುರುತಿಸಿ, ಲಾಗಿನ ನಕಲುಗಳನ್ನು ಹಲವು ಯಂತ್ರಗಳಲ್ಲಿಡುವ ಬುಕ್‌ಕೀಪರ್ ಎಂಬ ತಂತ್ರಾಂಶ ಬಳಸುವ ಪರ್ಯಾಯವನ್ನು ಉಲ್ಲೇಖಿಸಿ, ಆಮೇಲೆ ಬಹುಮತದ ಬರವಣಿಗೆಯನ್ನು ಎಚ್‌ಡಿಎಫ್‌ಎಸ್‌ನೊಳಗೇ ತರುವ ಪ್ರಸ್ತಾವಕ್ಕೆ ಬರುತ್ತದೆ. ಮೂರು ಜರ್ನಲ್‌ನೋಡ್‌ಗಳಿದ್ದರೆ ಎರಡು ಒಪ್ಪಿದಾಗ ಬರವಣಿಗೆ ಸಿದ್ಧಿಸುತ್ತದೆ, ಆದ್ದರಿಂದ ಒಂದು ಕೆಟ್ಟರೂ ಕೆಲಸ ನಿಲ್ಲದು. ಹೊಸ ಆ್ಯಕ್ಟಿವ್ ಹೆಚ್ಚಿನ ಎಪೋಕ್ ಸಂಖ್ಯೆ (ಸರದಿ ಸಂಖ್ಯೆ) ಪಡೆಯುವುದರಿಂದ, ಹಳೆಯದು ಎಲ್ಲೋ ಜೀವಂತವಾಗಿದ್ದರೂ ಅದರ ಬರಹವನ್ನು ಜರ್ನಲ್‌ನೋಡ್‌ಗಳು ತಿರಸ್ಕರಿಸುತ್ತವೆ. ಒಂದು ಪ್ರಸ್ತಾವ, ಅದು ಬದಲಿಸಹೊರಟ ವ್ಯವಸ್ಥೆ, ಅದರ ಎದುರಿಗಿದ್ದ ಆಯ್ಕೆ ಇವೆಲ್ಲ ಒಂದೇ ಕಡೆ ಸಿಗುವುದು ಅಪರೂಪ. ಇಂತಹ ಇಶ್ಯೂಗಳನ್ನು ಬರೆದವರ ಶ್ರದ್ಧೆಗೆ ನಾನು ಋಣಿ.

ಪ್ರತಿ ಇಶ್ಯೂವಿಗೂ ನಿರ್ಧಾರ, ಬಿಟ್ಟ ಪರ್ಯಾಯ, ಕಾರಣ, ಪರಿಣಾಮ ತಟ್ಟುವ ಘಟಕ ಎಂದು ಟಿಪ್ಪಣಿ ಮಾಡಿಕೊಂಡೆ. 'ವೋಂಟ್ ಫಿಕ್ಸ್' (ಸರಿಪಡಿಸುವುದಿಲ್ಲ) ಎಂದು ಮುಚ್ಚಿದವನ್ನೂ ಬಿಡಲಿಲ್ಲ, ತಿರಸ್ಕಾರದ ಕಾರಣಗಳು ಅಲ್ಲಿಯೂ ಇರುತ್ತವೆ. ಕಾಮೆಂಟುಗಳಲ್ಲಿ ಕಂಡ ತೀರ್ಮಾನವನ್ನು ಇಂದಿನ ಕೋಡು ಹಾಗೂ ಕೈಪಿಡಿಯೊಂದಿಗೆ ಹೋಲಿಸದೆ ಒಪ್ಪಲಿಲ್ಲ. ಹಾಗೆ ಹೋಲಿಸಿದಾಗಲೇ ಒಂದು ಮಿತಿ ಕಂಡಿತು: ಹಳೆಯ ನೇಮ್‌ನೋಡ್ ಎಡಿಟ್ ಲಾಗಿಗೆ ಬರೆಯಲಾರದಿದ್ದರೂ, ಅದು ನಿಲ್ಲುವವರೆಗೆ ಹಳಸಿದ ಮಾಹಿತಿಯನ್ನು ಓದುಗ ಕ್ಲೈಂಟ್‌ಗಳಿಗೆ ಕೊಡಬಲ್ಲದು ಎಂದು ಕೈಪಿಡಿ ಎಚ್ಚರಿಸುತ್ತದೆ. ಆದ್ದರಿಂದ ನಮ್ಮ ಸಂರಚನೆಯಲ್ಲಿ ಹಳೆಯ ನೇಮ್‌ನೋಡನ್ನು ಬಲವಂತವಾಗಿ ನಿಲ್ಲಿಸುವ ಫೆನ್ಸಿಂಗ್ ವಿಧಾನವನ್ನು ತೆಗೆಯದೆ ಉಳಿಸಿಕೊಂಡೆವು.