ಬೀಗ ಹಾಕಿದ ಮನೆಯಿಂದ ಶುರುವಾಗುವ ವೃತ್ತಿ

ದೀಪಾವಳಿ ಕಳೆದ ಮೇಲೆ ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಿಗೆ ಹೋಗಿ ನೋಡಿ. ಎಷ್ಟೋ ಮನೆಗಳಿಗೆ ಬೀಗ. ದುಡಿಯುವವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗಿರುತ್ತಾರೆ. ಆಗ ಸಮೀಕ್ಷೆಗೆ ಬಂದವರು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಂಡು ಮುಂದಕ್ಕೆ ನಡೆಯುತ್ತಾರೆ. ಬಸುರಿಯಾಗಿಯೇ ಕಬ್ಬಿನ ಹೊಲಕ್ಕೆ ಹೋದವಳ ರಕ್ತಹೀನತೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವಳನ್ನು ಲೆಕ್ಕಕ್ಕೆ ತರುವವರು ಸಾರ್ವಜನಿಕ ಆರೋಗ್ಯ ಸಂಶೋಧಕರು. ಈ ಕೆಲಸಕ್ಕೆ ನಮ್ಮ ಭಾಗದ ಮಕ್ಕಳೇ ಬರಬೇಕು ಎಂಬುದು ನನ್ನ ಆಸೆ.

ಈ ಓದಿಗೆ ಅರ್ಜಿ ಹಾಕುವುದಕ್ಕೂ ಮೊದಲು ಒಂದು ತಿಂಗಳು ನಿಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆ ತಿರುಗಾಡಿ. ಸುಮಾರು 1,000 ಜನರಿಗೆ ಒಬ್ಬ ಆಶಾ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಲೆಕ್ಕಾಚಾರ. ಆ ಲೆಕ್ಕ ನೆಲದ ಮೇಲೆ ಎಲ್ಲಿ ತಪ್ಪಿದೆ ಎಂಬುದು ನಡೆದಾಗಷ್ಟೇ ಕಾಣುತ್ತದೆ.

ಆಮೇಲೆ ಓದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಎರಡು ವರ್ಷದ್ದು. ವೈದ್ಯರೇ ಆಗಿರಬೇಕೆಂದಿಲ್ಲ. ಬೆಳಗಾವಿಯ ಕೆಎಲ್‌ಇ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರಗಳ ಪ್ರವೇಶ ನಿಯಮ ಬೇರೆ ಬೇರೆ. ವಿಚಾರಿಸಿ ಅರ್ಜಿ ಹಾಕಿ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ.

ಕಷ್ಟವಿರುವುದು ಪ್ರಶ್ನೆ ಕಟ್ಟುವುದರಲ್ಲಿ. ‘ತಾಂಡಾದವರು ಮಕ್ಕಳಿಗೆ ಲಸಿಕೆ ಏಕೆ ಹಾಕಿಸುವುದಿಲ್ಲ?’ ಎಂದು ಕೇಳಿದರೆ ತಪ್ಪು ತಾಯಿಯ ತಲೆಗೆ ಬಂತು. ‘ಲಸಿಕೆಯ ದಿನ ಆ ಮಗು ಯಾವ ಊರಿನಲ್ಲಿರುತ್ತದೆ?’ ಎಂದು ಕೇಳಿ. ಆಗ ಉತ್ತರ ಕೊಡಬೇಕಾದವರೇ ಬದಲಾಗುತ್ತಾರೆ. ಇಳಕಲ್ಲಿನ ಕಲ್ಲು ಗಣಿಯ ಕಾರ್ಮಿಕನ ಕೆಮ್ಮಿಗೂ ಇದೇ ಮಾತು: ಬೀಡಿ ಸೇದುತ್ತಾನೆಯೇ ಎಂಬುದರ ಜೊತೆಗೆ ಎಷ್ಟು ವರ್ಷ ದೂಳು ಕುಡಿದ ಎಂದೂ ಕೇಳಬೇಕು. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲೇ ಕಾಯ್ದೆಯಾಯಿತು. ಆ ಬದುಕಿನಿಂದ ಬಂದ ತಾಯಂದಿರ ಮುಂದೆ ಪ್ರಶ್ನಾವಳಿ ಹಿಡಿದು ಕೂರುವಾಗ, ಉತ್ತರಿಸದಿರುವ ಹಕ್ಕು ಅವರಿಗಿದೆ ಎಂದು ಮೊದಲೇ ಹೇಳಿ. ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಮತ್ತು ಅವರ ಒಪ್ಪಿಗೆ ಎರಡೂ ಇಲ್ಲದೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಲಂಬಾಣಿ ಮಾತು ಬಲ್ಲ ಹುಡುಗಿಗೆ ಇಲ್ಲಿ ಸಿಗುವ ನಂಬಿಕೆ ಯಾವ ಪದವಿಯಿಂದಲೂ ಸಿಗುವುದಿಲ್ಲ.

ಸಂಶೋಧನೆಯಿಂದ ನೀತಿ ಬದಲಾಗುವುದೇ ಎಂದು ಕೇಳುವವರು ಬೆಳಗಾವಿಯನ್ನೇ ನೋಡಲಿ. ಈ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಅಧ್ಯಯನ ನಡೆಯಿತು. ಹೆರಿಗೆಯಾದ ಕೂಡಲೇ ಎಎನ್‌ಎಂ ಸಿಸ್ಟರ್, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಶೇ 6.4ರಷ್ಟು ಮಂದಿಗೆ ಅತಿ ರಕ್ತಸ್ರಾವವಾಯಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ 12. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಬಾಣಂತಿಯ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಿಮ್ಮ ವರದಿ ಸಿದ್ಧವಾದಾಗ ಯುಗಾದಿಯವರೆಗೆ ಕಾಯಿರಿ. ಆ ಹೊತ್ತಿಗೆ ಕಬ್ಬಿನ ಗ್ಯಾಂಗುಗಳು ಊರಿಗೆ ಮರಳಿರುತ್ತವೆ. ತಾಂಡಾದ ಕಟ್ಟೆಯ ಮೇಲೆ ಕೂತು ಅವರಿಗೆ ಅದನ್ನು ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಸಿಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಆಮೇಲೆ ಹೋಗಿ.