ತಿರುಗಾಟ ಬಿಟ್ಟು ಮನೆಗೆ ಬಂದಾಗ ಮೊದಲು ಏನು ಮಾಡಬೇಕು

ಎರಡು ವರ್ಷ ಹಿಮಾಚಲ, ಲಡಾಖ್, ಮೇಘಾಲಯ ಅಂತ ಸುತ್ತಿ, ಅಪ್ಪನಿಗೆ ಪಾರ್ಶ್ವವಾಯು ಆಯ್ತು ಅಂತ ಫೋನ್ ಬಂದ ಮೇಲೆ ಶಿರಸಿ ಹತ್ತಿರದ ನಮ್ಮೂರಿಗೆ ವಾಪಸ್ ಬಂದವನು ನಾನು. ನಿಮಗೂ ಹೀಗೇ ಬರಬೇಕಾದರೆ, ಬಂದ ಕೂಡಲೇ ಯಜಮಾನಿಕೆಗೆ ಇಳಿಯಬೇಡಿ. ನೀವಿಲ್ಲದಾಗಲೂ ಮನೆ ನಡೆದಿದೆ ಅಲ್ವಾ? ಒಂದು ವಾರ ಸುಮ್ನೆ ಅಮ್ಮನ ಜೊತೆ ಓಡಾಡಿ. ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿ ಸುಸ್ತಾಗುತ್ತಾರೆ ನೋಡಿ. ನಾನು ಮೊದಲು ವಹಿಸಿಕೊಂಡಿದ್ದು ರಾತ್ರಿ ಅಪ್ಪನ ಹತ್ತಿರ ಮಲಗುವುದು. ಅಪ್ಪ ಬಿದ್ದ ಮೇಲೆ ಆಯಿ (ನಮ್ಮ ಕಡೆ ಅಮ್ಮನಿಗೆ ಹೀಗನ್ನುತ್ತೇವೆ) ಬೆಳಗಿನವರೆಗೆ ನಿದ್ದೆ ಮಾಡಿದ್ದು ಅವತ್ತೇ ಮೊದಲು.

ಆಮೇಲೆ ಮಾತ್ರೆ. ನಮ್ಮನೆಯಲ್ಲಿ ಅವೆಲ್ಲ ಹಳೇ ಬಿಸ್ಕತ್ ಡಬ್ಬಿಯಲ್ಲಿದ್ದವು. ಅಂಗಡಿಯಲ್ಲಿ ಎರಡು, ನಾಲ್ಕು ಅಂತ ಕತ್ತರಿಸಿ ಕೊಟ್ಟ ಚೂರುಗಳು, ಹೆಸರೂ ಇಲ್ಲ, ತಾರೀಖೂ ಇಲ್ಲ. ಆಯಿ ಬಣ್ಣ ನೋಡಿ ಕೊಡುತ್ತಿದ್ದಳು. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಎರಡೂ ಬಿಳಿ! ಡಬ್ಬಿಯನ್ನೇ ಡಾಕ್ಟರ ಮುಂದೆ ಸುರಿದು, ಯಾವುದು ಬೇಕು ಯಾವುದು ಬೇಡ ಅಂತ ಕೇಳಿ, ಹೊತ್ತುಹೊತ್ತಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಇನ್ನು ಮುಂದೆ ಪೂರ್ತಿ ಸ್ಟ್ರಿಪ್ಪೇ ತನ್ನಿ. ಫಿಸಿಯೋಥೆರಪಿ ತಡಮಾಡಬೇಡಿ, ಮೊದಲ ಕೆಲವು ತಿಂಗಳಲ್ಲೇ ಕೈಕಾಲು ಜಾಸ್ತಿ ಸುಧಾರಿಸುವುದು.

ಆಮೇಲೆ ಜಮೀನಿನ ಕಾಗದ. ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಪಹಣಿಯನ್ನು ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ನೋಡಿ. ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆಗೆ, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅಕ್ಕ ತಂಗಿಯರನ್ನೂ ಕೂರಿಸಿಕೊಂಡೇ ಮಾತಾಡಿ, ಅವರಿಗೂ ಪಾಲಿದೆ.

ಅಡಿಕೆ ತೋಟ ಇದ್ದರೆ ಮಳೆ ಕಾಯುವುದಿಲ್ಲ. ಮಳೆ ಹಿಡಿಯುವ ಮೊದಲೇ ಕೊಳೆರೋಗಕ್ಕೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಔಷಧ ಹೊಡೆಸಬೇಕು. 100 ಲೀಟರ್ ದ್ರಾವಣಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. 40–45 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತುವವರಿಗೆ ಏಪ್ರಿಲ್‌ನಲ್ಲೇ ಹೇಳಿಡಿ, ಆಮೇಲೆ ಯಾರೂ ಸಿಗುವುದಿಲ್ಲ.

ಇನ್ನು ನಿಮ್ಮ ಬದುಕು. ಊರಲ್ಲೇ ಉಳಿಯುವುದೋ ಹೋಗುವುದೋ ಅಂತ ಮೊದಲ ತಿಂಗಳು ಯಾರಿಗೂ ಮಾತು ಕೊಡಬೇಡಿ. ಭಯದಲ್ಲಿ, ತಪ್ಪು ಮಾಡಿದೆ ಅನ್ನುವ ಸಂಕಟದಲ್ಲಿ ಕೊಟ್ಟ ಮಾತು ಆಮೇಲೆ ಮನೆಯವರ ಮೇಲೇ ಸಿಟ್ಟಾಗುತ್ತದೆ. ನಾನು ಆರು ತಿಂಗಳು ತಗೊಂಡೆ. ಮನೆಯಿಂದಲೇ ಮಾಡುವ ಅನುವಾದದ ಕೆಲಸ ಹಿಡಿದೆ. ವರ್ಷಕ್ಕೆ 15 ದಿನ ಅಕ್ಕ ಬಂದು ಇರುವುದು, ಆಗ ನಾನು ಹೊರಡುವುದು ಅಂತ ತಾರೀಖು ಸಮೇತ ಕ್ಯಾಲೆಂಡರಿನಲ್ಲಿ ಬರೆದೆವು. ಮೊದಲ ಸಲ ಹೊರಟಾಗ ಬ್ಯಾಗಿನ ಜಿಪ್ ಎಳೆದುಕೊಟ್ಟಿದ್ದು ಅಪ್ಪ, ಸೋತಿದ್ದ ಬಲಗೈಯಲ್ಲೇ.